ಮೀಟರಿನಲ್ಲಿ 3.28, ಆದರೂ ವೈಫೈ ಬಂದರೆ ರೀಸೆಟ್

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಟ್ಯಾಂಕಿನಲ್ಲಿ ನೀರೆಷ್ಟಿದೆ ಅಂತ ಹೇಳಬೇಕಿದ್ದ ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್) ಬೋರ್ಡ್ ಇಷ್ಟು ದಿನ ಹೇಳುತ್ತಿದ್ದದ್ದು ಒಂದೇ ಮಾತು: 'ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್', ಅಂದರೆ ವೋಲ್ಟೇಜ್ ಸಾಲದೆ ರೀಸೆಟ್ ಆದೆ ಅಂತ. ಸೆನ್ಸರ್, ಕೋಡ್, ಡಬ್ಬಿ ಎಲ್ಲ ಎಂದೋ ಮುಗಿದಿವೆ. ಈ ಸಲ ಪೂರ್ತಿ ರೆಗ್ಯುಲೇಟರ್ ಪುರಾಣ, ಅಂದರೆ ಒಳಬಂದ 5 ವೋಲ್ಟನ್ನು ಚಿಪ್ಪಿಗೆ ಬೇಕಾದ 3.3ಕ್ಕೆ ಇಳಿಸೋ ಭಾಗದ್ದು.

ಮೇಜಿನ ಮೇಲೆ ಲ್ಯಾಪ್‌ಟಾಪಿಗೆ ಚುಚ್ಚಿದರೆ ಚೆನ್ನಾಗಿಯೇ ಓಡುತ್ತಿತ್ತು. ಟೆರೇಸಿನಲ್ಲಿ ಉದ್ದ ಕೇಬಲ್ ಹಾಕಿದರೆ ವೈಫೈ ಶುರುವಾದ ಕೂಡಲೇ ರೀಸೆಟ್. ಮಲ್ಟಿಮೀಟರ್ ಮಾತ್ರ 3.28 ತೋರಿಸುತ್ತಾ ಸುಮ್ನೆ ಕೂತಿತ್ತು. ಅದು ತೋರಿಸೋದು ಸರಾಸರಿ, ವೈಫೈ ಕರೆಂಟ್ ಎಳೆಯೋದು ಮಿಲಿಸೆಕೆಂಡ್ ಲೆಕ್ಕದಲ್ಲಿ. ವೋಲ್ಟೇಜಿನ ಏರಿಳಿತವನ್ನು ಕ್ಷಣಕ್ಷಣಕ್ಕೂ ಗೆರೆಯಾಗಿ ತೋರಿಸೋ ಆಸಿಲೋಸ್ಕೋಪನ್ನು ಗೆಳೆಯನಿಂದ ತಂದು ಹಚ್ಚಿದರೆ ಬೆಂಗಳೂರಿನ ರಸ್ತೆಯೇ ಕಾಣಿಸಿತು! ಪ್ರತಿ ಟ್ರಾನ್ಸ್‌ಮಿಟ್‌ಗೂ ಒಂದು ಗುಂಡಿ, ತಳ 2.4 ವೋಲ್ಟ್. ಚಿಪ್ಪು ಕೈಚೆಲ್ಲೋದು ಆ ಆಸುಪಾಸಿನಲ್ಲೇ.

ಎಲ್ಲರೂ ಕೊಡುವ ಸಲಹೆಯಂತೆ 3.3 ಪಿನ್ನಿಗೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಗುಂಡಿ ಚಿಕ್ಕದಾಯಿತು, ಆದರೆ ಬೂಟ್ ಆಗೋದೇ ನಿಂತಿತು. ವೋಲ್ಟೇಜ್ ನಿಧಾನವಾಗಿ ಏರುತ್ತದೆ, ಅಷ್ಟರೊಳಗೆ ಚಿಪ್ಪಿಗೆ 'ಶುರುಮಾಡು' ಅನ್ನೋ ಇಎನ್ ಪಿನ್ ಎದ್ದು ಕೂತಿರುತ್ತದೆ. ಕೈಯಿಂದ ಇಎನ್ ಬಟನ್ ಒತ್ತಿದರೆ ಸರಿ. ಕರೆಂಟ್ ಹೋಗಿ ಬಂದಾಗಲೆಲ್ಲ ಬಟನ್ ಒತ್ತೋಕೆ ಟೆರೇಸ್ ಹತ್ತೋದಾದರೆ ಟ್ಯಾಂಕಿನೊಳಗೇ ಇಣುಕಬಹುದು, ಅಲ್ವಾ?

ಬೋರ್ಡಿನಲ್ಲಿದ್ದ ರೆಗ್ಯುಲೇಟರ್ ಎಎಂಎಸ್1117. ಇದಕ್ಕೆ ಔಟ್‌ಪುಟ್ಟಿಗಿಂತ 1.1ರಿಂದ 1.3 ವೋಲ್ಟ್ ಜಾಸ್ತಿ ಒಳಗೆ ಬರಬೇಕು. ಯುಎಸ್‌ಬಿಯ 5 ವೋಲ್ಟಿನಲ್ಲಿ ದಾರಿಯಲ್ಲಿರೋ ಶಾಟ್ಕಿ ಡಯೋಡಿನ ಪಾಲು ಕಳೆದರೆ ಉಳಿಯೋದು ಸುಮಾರು 4.6. 3.3ಕ್ಕೆ 1.3 ಸೇರಿಸಿದರೆ ಬೇಕಾದದ್ದೂ ಅಷ್ಟೇ, ಅಂದರೆ ಕೇಬಲ್‌ಗೆ ಕೊಡೋಕೆ ಏನೂ ಉಳಿದಿಲ್ಲ. ನನ್ನ ಕೇಬಲ್ ಲೋಡ್ ಬಿದ್ದಾಗ ಅರ್ಧ ವೋಲ್ಟ್ ನುಂಗುತ್ತಿತ್ತು.

ಕೇಬಲ್‌ಗೇ ಎಲ್ಲ ತಪ್ಪು ಹೊರಿಸೋ ಮುಂಚೆ ರೆಗ್ಯುಲೇಟರ್ ಕಿತ್ತು ಬೇರೆಯಾಗಿ ಪರೀಕ್ಷಿಸಿದೆ. ಇನ್‌ಪುಟ್ ಕಾಲಿಗೆ ನೇರ 5 ವೋಲ್ಟ್, ಔಟ್‌ಪುಟ್ಟಿಗೆ 10 ಓಮ್, 5 ವ್ಯಾಟ್ ರೆಸಿಸ್ಟರ್. ಬರೀ 300 ಮಿಲಿಆಂಪಿಗೆ 3.05ಕ್ಕೆ ಇಳಿಯಿತು! ಅಸಲಿ ಚಿಪ್ಪು ಹೀಗೆ ಮಾಡೋದಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಮೇಲಿನ ಅಕ್ಷರಗಳೂ ಸೊಟ್ಟ. ಮಾರಿದವನ ಪುಟದಲ್ಲಿ 'ಶೇ. 100 ಒರಿಜಿನಲ್' ಅಂತಿತ್ತು. ಕೇಳಿದ್ದಕ್ಕೆ ಉತ್ತರ, 'ನಮ್ಮದು ಎಲ್‌ಇಡಿ ಉರೀತಾ ಇದೆ ಸರ್'.

ಅದರ ಜಾಗಕ್ಕೆ ಎಪಿ2112ಕೆ ಅನ್ನೋ ಬೇರೆ ರೆಗ್ಯುಲೇಟರ್ ಬಂತು. 600 ಮಿಲಿಆಂಪ್ ಕೊಡುತ್ತದೆ, ಡ್ರಾಪ್‌ಔಟ್ (ಔಟ್‌ಪುಟ್ಟಿಗಿಂತ ಒಳಗೆ ಜಾಸ್ತಿ ಬೇಕಾದದ್ದು) ಸುಮಾರು ಕಾಲು ವೋಲ್ಟ್. ಕಾಲುಗಳು ಹೊಂದೋದಿಲ್ಲ. ಹಾಗಾಗಿ ಅಂಗಾತ ಮಲಗಿಸಿ, ಅಂಟು ಹಚ್ಚಿ, ಎನಾಮಲ್ ತಂತಿ ಎಳೆದೆ. ಹಳೆಯದರ ಅಗಲ ಪ್ಯಾಡ್ ಗ್ರೌಂಡ್ ಅಲ್ಲ, ಔಟ್‌ಪುಟ್. ತಂತಿ ಕೂರಿಸೋಕೆ ಒಳ್ಳೇ ಜಾಗ. ಹೊಸದರ ಮೂರನೇ ಕಾಲನ್ನು (ಇಎನ್) ಒಂದನೆಯದಕ್ಕೆ (ಇನ್‌ಪುಟ್) ಸೇರಿಸಲೇಬೇಕು, ಇಲ್ಲದಿದ್ದರೆ ಚಿಪ್ಪು ಏಳೋದೇ ಇಲ್ಲ. 6 ವೋಲ್ಟಿನ ಮೇಲೆ ಮಾತ್ರ ಕೊಡಬೇಡಿ. ಈಗ ಅದೇ ಕೇಬಲ್, ಅದೇ ಚಾರ್ಜರ್, 470 ತೆಗೆದಾಗಿದೆ. ಗುಂಡಿಯ ತಳ 3.2.

ಮುಂದಿನದು ಊರಿನ ಅಡಿಕೆ ತೋಟಕ್ಕೆ ಲೋರಾ (ಕಡಿಮೆ ಕರೆಂಟಿನಲ್ಲಿ ದೂರ ತಲುಪೋ ರೇಡಿಯೋ) ನೋಡ್, 865–867 ಮೆಗಾಹರ್ಟ್ಸ್, ಒಂದು 18650 ಲಿಥಿಯಂ ಸೆಲ್. ಅಲ್ಲಿ 1117 ಮಾತೇ ಬೇಡ. ಏನೂ ಕೆಲಸ ಇಲ್ಲದಿದ್ದರೂ ಅದು 5 ಮಿಲಿಆಂಪ್ ಕುಡಿಯುತ್ತದೆ. 2500 ಮಿಲಿಆಂಪ್ ಅವರ್ ಸೆಲ್ಲಿಗೆ ಅಷ್ಟೇ ಸಾಕು, ಮೂರು ವಾರದೊಳಗೆ ಖಾಲಿ. ಬೋರ್ಡ್ ಬಿಟ್ಟು ಬರೀ ಮಾಡ್ಯೂಲ್ ಆರ್ಡರ್ ಮಾಡಿದ್ದೇನೆ, ಬೇರೆ ಅಂಗಡಿಯಲ್ಲಿ. ಬಂದ ತಕ್ಷಣ ಮೊದಲು ರೆಗ್ಯುಲೇಟರಿಗೆ 10 ಓಮ್ ರೆಸಿಸ್ಟರ್, ಆಮೇಲೆ ಮಿಕ್ಕಿದ್ದು.