ಹಿಲೋ ಸಂತೆಯಲ್ಲಿ ಅಲೋಹಾ

ಹವಾಯಿಯ ಹಿಲೋದಲ್ಲಿದ್ದೀವಿ. ಜಿಟಿಜಿಟಿ ಮಳೆ. ಇಲ್ಲಿ ಬಂದರೂ ‘ಅಲೋಹಾ’ ಅಂತಾರೆ, ಹೊರಟರೂ ‘ಅಲೋಹಾ’ ಅಂತಾರೆ. ಸಂತೆಯಲ್ಲಿ ಇಬ್ಬರು ಅಜ್ಜಿಯರು ಎದುರಾದರು. ಪಪ್ಪಾಯಿ ಚೀಲ ಕೆಳಗಿಟ್ಟು, ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ, ಕಣ್ಣುಮುಚ್ಚಿ ಒಟ್ಟಿಗೇ ಉಸಿರೆಳೆದುಕೊಂಡರು. ಇದಕ್ಕೆ ಹೋನಿ ಅಂತಾರೆ. ಆಮೇಲೆ ಗಂಟೆಗಟ್ಟಲೆ ಹರಟೆ ಬಿಡಿ, ಅದು ಎಲ್ಲ ಊರಿನದ್ದೂ!

ಅಲೋಹಾ ಮನೋಭಾವವನ್ನು, ಅಂದರೆ ಎಲ್ಲರ ಜೊತೆ ಪ್ರೀತಿ, ದಯೆಯಿಂದ ಇರುವುದನ್ನು, ಇಲ್ಲಿ 1986ರಲ್ಲಿ ಕಾನೂನಿಗೇ ಸೇರಿಸಿದ್ದಾರೆ. ಕೆಲಸ ಮಾಡುವಾಗ ಅಧಿಕಾರಿಗಳು ಅದನ್ನು ನೆನಪಿಟ್ಟುಕೊಳ್ಳಬಹುದಂತೆ. ಹೆಬ್ಬೆರಳು, ಕಿರುಬೆರಳು ಚಾಚಿ ಕೈ ಆಡಿಸುವ ಶಾಕಾ 2024ರಲ್ಲಿ ರಾಜ್ಯದ ಅಧಿಕೃತ ಸನ್ನೆಯಾಯ್ತು. ನಮ್ಮ ಬಾಡಿಗೆ ಮನೆಯ ಒಡತಿ ದೇವಕಣಗಿಲೆ ಹಾರ ಹಾಕಿದರು. ಕೊಟ್ಟವರೆದುರು ತೆಗೆದರೆ ಅವಮಾನವಂತೆ. ಹಾಗಾಗಿ ಹಾರದಲ್ಲೇ ಊಟ, ಹಾರದಲ್ಲೇ ತರಕಾರಿ ವ್ಯಾಪಾರ. ಮದುಮಗನ ಹಾಗೆ ಕಾಣ್ತಿದ್ದೀನಿ ಅಂತ ಮನೆಯವಳ ನಗು. ನಾಳೆ ಕಿಲಾವೆಯಾ ಜ್ವಾಲಾಮುಖಿ, ಫೋಟೋ ಅಲ್ಲಿಂದ ಹಾಕ್ತೀನಿ.