ಬೀಗ ಹಾಕೋ ಹಾಗಿದ್ರೆ ಬೇಡ ಕಣವ್ವ

ನವೆಂಬರ್ ಎರಡನೇ ವಾರ. ಒಂದು ಬ್ಲೌಸಿಗೆ ಹುಕ್ಸ್ ಹಾಕುತ್ತಾ ಕೂತಿದ್ದೆ. ಎದುರಿನ ಲೈಬ್ರರಿ ಮಿಸ್ ಐದು ಮೀಟರ್ ಕಾವಿ ಬಟ್ಟೆ ಹಿಡಿದುಕೊಂಡು ಅಂಗಡಿ ಮೆಟ್ಟಿಲು ಹತ್ತಿದರು. "ಅಕ್ಕಾ, ನಾಲ್ಕು ಜೋಳಿಗೆ ಹೊಲ್ಕೊಡ್ತೀರಾ? ಭಾನುವಾರಕ್ಕೆ ಬೇಕು."

ಜೋಳಿಗೆ ಅಂದ ಕೂಡಲೇ ಕಣ್ಣ ಮುಂದೆ ಬಂದದ್ದು ಚಿಕ್ಕಂದಿನಲ್ಲಿ ಸೋಮವಾರ ಬೆಳಗ್ಗೆ ನಮ್ಮ ಬಾಗಿಲಿಗೆ ಬರುತ್ತಿದ್ದ ಅಯ್ಯನವರು. ಅಮ್ಮ ಮೊರದಲ್ಲಿ ರಾಗಿ ತಂದು ಹಾಕುತ್ತಿದ್ದಳು. "ಇದಕ್ಕೆ ರಾಗಿ ಅಲ್ಲ, ಪುಸ್ತಕ ಹಾಕಿಸ್ಕೊಳ್ಳೋದು" ಅಂದರು ಮಿಸ್. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಆ ವಾರ ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ, ಓದಿ ಮುಗಿಸಿದ ಪುಸ್ತಕ ಕೊಡಿ ಅಂತ ಕೇಳುವುದು. ಅದಕ್ಕೆ ಹೆಸರೇ ಪುಸ್ತಕ ಜೋಳಿಗೆ.

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಊರು. ಪಂಚಾಯ್ತಿ ಆಫೀಸಿನ ಪಕ್ಕ ಒಂದೇ ಕೋಣೆಯ ಲೈಬ್ರರಿ. ಬೋರ್ಡಿನ ಮೇಲೆ ಈಗ 'ಅರಿವು ಕೇಂದ್ರ' ಅಂತ ಬರೆಸಿದ್ದಾರೆ. ಊರಿನವರ ಬಾಯಲ್ಲಿ ಮಾತ್ರ ಅದು ಲೈಬ್ರರಿನೇ. ನನ್ನ ಮಿಷನ್ ಮುಂದೆ ಕೂತರೆ ಅದರ ಬಾಗಿಲು ನೇರ ಕಾಣುತ್ತೆ. ಬೆಳಗ್ಗೆ ಪೇಪರ್ ಓದುವ ಹಿರಿಯರು. ಮಧ್ಯಾಹ್ನ ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು. ಸಂಜೆ ಶಾಲೆ ಬಿಟ್ಟ ಮೇಲೆ ಬ್ಯಾಗ್ ಸಮೇತ ಓಡಿ ಬರುವ ಮಕ್ಕಳು. ಶನಿವಾರ ಗಟ್ಟಿ ಓದು ಇರುತ್ತೆ. ಒಬ್ಬರು ಜೋರಾಗಿ ಕತೆ ಓದುವುದು, ಉಳಿದವರು ಕೇಳುವುದು. ಆಗ ನಾನು ಮಿಷನ್ ನಿಲ್ಲಿಸಿಬಿಡುತ್ತೇನೆ. ಅದರ ಸದ್ದಿನಲ್ಲಿ ಕತೆಯ ಕೊನೆ ತಪ್ಪಿಹೋದರೆ ಬೇಜಾರಾಗುತ್ತೆ.

ನನಗೂ ಲೈಬ್ರರಿಗೂ ಒಂದು ಹಳೆಯ ನೋವಿನ ನಂಟು ಇದೆ. ನನ್ನ ತವರೂರಿನಲ್ಲೂ ಹೀಗೇ ಒಂದು ಸಣ್ಣ ಲೈಬ್ರರಿ ಇತ್ತು. ಅಲ್ಲಿ ಗಾಜಿನ ಬಾಗಿಲಿನ ಬೀರು. ಗಾಜಿನ ಆಚೆ ಒಂದು ಪುಸ್ತಕವನ್ನು ಮುಖ ಕಾಣುವ ಹಾಗೆ ಇಟ್ಟಿದ್ದರು. ಆನೆ ಮೇಲೆ ಕೂತ ಒಬ್ಬ ಹುಡುಗ. ನಾನಾಗ ಆರನೇ ಕ್ಲಾಸು. ಆ ಪುಸ್ತಕ ಬೇಕು ಅಂದೆ. "ಕೀ ಇಲ್ಲ, ನಾಳೆ ಬಾ" ಅಂದರು. ಮಾರನೇ ದಿನವೂ ಅದೇ ಮಾತು. ಮೂರನೇ ದಿನವೂ ಅದೇ. ನಾಲ್ಕನೇ ದಿನ ನಾನು ಹೋಗಲಿಲ್ಲ. ಆ ಹುಡುಗ ಆನೆ ಮೇಲೆ ಎಲ್ಲಿಗೆ ಹೊರಟಿದ್ದ ಅನ್ನೋದು ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಮಗಳ ಕಾಲಕ್ಕೆ ಎಷ್ಟೋ ಬದಲಾಗಿದೆ. 2019ರಲ್ಲಿ ಪಂಚಾಯ್ತಿ ಲೈಬ್ರರಿಗಳು ಗ್ರಂಥಾಲಯ ಇಲಾಖೆಯ ಕೈಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೊರೊನಾ ಬಂದು ಶಾಲೆ ಮುಚ್ಚಿದ್ದಾಗ, ಮಕ್ಕಳ ದಿನಾಚರಣೆಯಂದೇ 'ಓದುವ ಬೆಳಕು' ಅನ್ನೋ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪೂರ್ತಿ ಉಚಿತ. ನನ್ನ ಮಗಳಿಗೆ ಕಾರ್ಡ್ ಆದದ್ದು ಆಗಲೇ. ಆದರೆ ಬೀರುವಿನ ಬೀಗ ಹಾಗೇ ಇತ್ತು. ಕೇಳಿದರೆ ಮಿಸ್ ತೆಗೆದು ಕೊಡುತ್ತಾರೆ, ಇಲ್ಲ ಅನ್ನುವವರೇ ಅಲ್ಲ. ಮಕ್ಕಳು ಕೇಳಬೇಕಲ್ಲ? ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಏನಂತ ಕೇಳೋದು?

ಜೋಳಿಗೆಗೆ ಕೂಲಿ ಬೇಡ ಅಂದೆ. ಬದಲಿಗೆ ನಾನೂ ಜೊತೆಗೆ ಬರುತ್ತೇನೆ ಅಂದೆ. ಭಾನುವಾರ ಏಳು ಗಂಟೆಗೇ ಹೊರಟೆವು. ರಾಗಿ ಕೊಯ್ಲಿನ ಕಾಲ, ಬಿಸಿಲೇರಿದರೆ ಮನೆಯಲ್ಲಿ ಯಾರೂ ಸಿಗುವುದಿಲ್ಲ. ಇಪ್ಪತ್ತು ಮಕ್ಕಳು, ನಾಲ್ಕು ಜೋಳಿಗೆ. ಮೊದಲ ಬೀದಿಯಲ್ಲೇ ಒಬ್ಬರು, "ಸರ್ಕಾರದ ಲೈಬ್ರರಿಗೆ ನಾವ್ಯಾಕೆ ಕೊಡ್ಬೇಕು?" ಅಂತ ಕೇಳಿದರು. ಮಿಸ್ ಬೇಜಾರು ಮಾಡಿಕೊಳ್ಳಲಿಲ್ಲ. "ಅಣ್ಣಾ, ಮನೆ ಕಂದಾಯದ ರಸೀದಿ ತನ್ನಿ" ಅಂದರು. ಅವರು ಒಳಗೆ ಹೋಗಿ ಹುಡುಕಿ ತಂದರು. ಅದರಲ್ಲಿ ಗ್ರಂಥಾಲಯ ಕರ ಅಂತ ಬೇರೆಯೇ ಒಂದು ಸಾಲು ಇರುತ್ತೆ. ಕಂದಾಯದ ಪ್ರತಿ 100 ರೂಪಾಯಿಗೆ 6 ರೂಪಾಯಿ. 1965ರಲ್ಲೇ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದೆ, ಆ ಕಾಯ್ದೆಯ ಕರ ಇದು ಅಂತ ಮಿಸ್ ಬಿಡಿಸಿ ಹೇಳಿದರು. "ಇದು ನೀವು ದುಡ್ಡು ಕಟ್ಟಿ ನಡೆಸ್ತಿರೋ ಲೈಬ್ರರಿ ಅಣ್ಣ." ಅವರು ರಸೀದಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮಗನ ಎರಡು ವಿಜ್ಞಾನದ ಪುಸ್ತಕ ತಂದು ಜೋಳಿಗೆಗೆ ಹಾಕಿದರು. ನಾನೂ ಪ್ರತಿ ವರ್ಷ ಕಂದಾಯ ಕಟ್ಟುತ್ತೇನೆ. ಆ ಸಾಲನ್ನು ಒಮ್ಮೆಯೂ ಓದಿರಲಿಲ್ಲ.

ಹತ್ತೂವರೆ ಹೊತ್ತಿಗೆ ಒಂದು ಜೋಳಿಗೆಯ ಪಟ್ಟಿ ಕಿತ್ತುಬಂತು. ತಪ್ಪು ನನ್ನದೇ. ಪುಸ್ತಕದ ಭಾರ ಇಷ್ಟಿರುತ್ತೆ ಅಂತ ಅಂದಾಜಿಸದೆ ಒಂದೇ ಹೊಲಿಗೆ ಹಾಕಿದ್ದೆ. ಅಲ್ಲೇ ಪಕ್ಕದ ಮನೆ ಜಗುಲಿಯಲ್ಲಿ ಕೂತು, ಆ ಮನೆಯ ಅಜ್ಜಿಯ ಹತ್ತಿರ ಸೂಜಿ, ದಾರ ಕೇಳಿದೆ. ಅಜ್ಜಿ ಕಂಬಕ್ಕೆ ಒರಗಿ ಕೂತು ಜೋಳಿಗೆಯೊಳಗಿನ ಪುಸ್ತಕಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. "ನಂಗೆ ಓದೋಕೆ ಬರಾಕಿಲ್ಲ ಕಣವ್ವ. ನಮ್ಮೆಜಮಾನ್ರು ಓದೋರು. ಮಳೆ ಕೈಕೊಟ್ರೆ ಇದೇ ಜಗಲೀಲಿ ಭಾರತ ಓದ್ಸೋರು. ವಿರಾಟಪರ್ವ ಮುಗಿಯೋದ್ರೊಳ್ಗೆ ಮಳೆ ಬರೋದು."

ನಾನು ಪಟ್ಟಿ ಮಡಚಿ ಎರಡು ಪದರ ಮಾಡಿ, ಚೌಕದೊಳಗೆ ಅಡ್ಡ ಗೀಟು ಬರುವ ಹಾಗೆ ಹೊಲಿಯುತ್ತಿದ್ದೆ. ಅಜ್ಜಿ ಎದ್ದು ಒಳಗೆ ಹೋದರು. ಟ್ರಂಕು ತೆಗೆದ ಸದ್ದು ಕೇಳಿಸಿತು. ಹೊರಗೆ ಬಂದಾಗ ಕೈಯಲ್ಲಿ ಕೆಂಪು ವಸ್ತ್ರದಲ್ಲಿ ಕಟ್ಟಿದ ಗಂಟು. ಬಿಚ್ಚಿದರೆ ದಪ್ಪನೆಯ ಭಾರತ. ರಟ್ಟಿನ ಮೂಲೆ ಸವೆದು ಬೆಳ್ಳಗಾಗಿತ್ತು. ಮೊದಲ ಹಾಳೆಯಲ್ಲಿ ಅರಿಶಿನ ಕುಂಕುಮದ ಗುರುತು. ಪುಟ ತಿರುವಿ ತಿರುವಿ ಹಾಳೆಗಳ ಕೆಳಗಿನ ತುದಿ ಕಂದುಬಣ್ಣಕ್ಕೆ ತಿರುಗಿತ್ತು. ಎಷ್ಟೋ ವರ್ಷ ಒಂದೇ ಬೆರಳು ಅಲ್ಲಿ ಒದ್ದೆಯಾಗಿ ತಾಗಿದೆ. ಮಿಸ್ ಎರಡೂ ಕೈ ಚಾಚಿದರು. ಅಜ್ಜಿ ಕೊಡಲಿಲ್ಲ.

"ಇದ್ನ ಬೀರುಗೆ ಇಟ್ಟು ಬೀಗ ಹಾಕೋ ಹಾಗಿದ್ರೆ ಬೇಡ ಕಣವ್ವ. ನನ್ ಟ್ರಂಕ್‌ನಾಗೇ ಇರ್ಲಿ. ಯಾರಾದ್ರೂ ಓದೋ ಹಾಗಿದ್ರೆ ತಗೊಂಡೋಗಿ."

ಮಿಸ್ ಏನೂ ಹೇಳಲಿಲ್ಲ, ನನ್ನ ಮುಖ ನೋಡಿದರು. ನಾನು ಹಲ್ಲಿನಲ್ಲಿ ದಾರ ಕಡಿದು, "ಬೀಗ ಹಾಕಲ್ಲ ಅಜ್ಜಿ" ಅಂದುಬಿಟ್ಟೆ. ಲೈಬ್ರರಿ ನನ್ನ ಕೈಯಲ್ಲಿ ಇಲ್ಲ, ಕೀಯೂ ಇಲ್ಲ. ಆದರೂ ಅಂದೆ.

ವಾಪಸ್ ಬಂದ ಮೇಲೆ ಮಿಸ್ ಕಷ್ಟ ಹೇಳಿಕೊಂಡರು. "ಒಂದು ಪುಸ್ತಕ ಕಮ್ಮಿಯಾದ್ರೂ ಲೆಕ್ಕ ಕೊಡಬೇಕಾದವಳು ನಾನು ಅಕ್ಕ." ಆ ಭಯ ಸುಳ್ಳಲ್ಲ. ಸಣ್ಣ ಸಂಬಳದಲ್ಲಿ ಪುಸ್ತಕ, ಕಂಪ್ಯೂಟರ್ ಎಲ್ಲವನ್ನೂ ಒಬ್ಬರೇ ಕಾಯುವುದು ಸುಲಭ ಅಲ್ಲ. ನನ್ನ ತವರಿನ ಆ ಬೀಗದ ಹಿಂದೆಯೂ ಇಂಥದ್ದೇ ಭಯ ಇತ್ತೋ ಏನೋ, ನನಗೆ ಅವತ್ತು ಮೊದಲ ಸಲ ಹಾಗನ್ನಿಸಿತು.

ಲೈಬ್ರರಿ ಗೋಡೆ ಮೇಲೆ ಎಸ್. ಆರ್. ರಂಗನಾಥನ್ ಅವರ ಫೋಟೋ ಇದೆ. ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನ ಅಂತ ಅದಕ್ಕೆ ಹೂವಿನ ಹಾರ ಹಾಕುತ್ತಾರೆ. ಅವರು ಯಾರು ಅಂತ ಅವತ್ತು ಕೇಳಿದೆ. ಗ್ರಂಥಾಲಯಗಳಿಗೆ ಐದು ಸೂತ್ರ ಕೊಟ್ಟವರಂತೆ, 1931ರಲ್ಲಿ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ಅಲ್ಲೇ ತೀರಿಕೊಂಡರಂತೆ. "ಮೊದಲನೇ ಸೂತ್ರ ಏನು?" ಅಂದೆ. "ಪುಸ್ತಕ ಇರೋದು ಬಳಸೋಕೆ" ಅಂದರು. ಹಿಂದೆ ಯೂರೋಪಿನಲ್ಲಿ ಪುಸ್ತಕಗಳಿಗೆ ಕಬ್ಬಿಣದ ಸರಪಳಿ ಹಾಕಿ ಕಪಾಟಿಗೆ ಬಿಗಿಯುತ್ತಿದ್ದರು ಅಂತಲೂ ಹೇಳಿದರು. ಹೇಳುತ್ತಾ ಹೇಳುತ್ತಾ ಅವರೇ ಬೀರುವಿನ ಕಡೆ ತಿರುಗಿದರು.

ಒಂದು ತಿಂಗಳು ನೋಡೋಣ, ಮಕ್ಕಳ ಪುಸ್ತಕ ಮಾತ್ರ ಹೊರಗೆ ಇಡೋಣ ಅಂತ ತೀರ್ಮಾನವಾಯಿತು. ಇಡೋದು ಎಲ್ಲಿ? ಹೊಸ ರ್‍ಯಾಕಿಗೆ ದುಡ್ಡಿಲ್ಲ. ನಮ್ಮ ಮನೆಯಲ್ಲಿ ಒಂದು ಹಳೆಯ ಜಮಖಾನ ಇತ್ತು. ಅದರ ಮೇಲೆ ಉಳಿದ ಕಾವಿ ಬಟ್ಟೆಯಲ್ಲಿ ಕಿಸೆಗಳನ್ನು ಹೊಲಿದೆ. ನಾಲ್ಕು ಸಾಲು, ಸಾಲಿಗೆ ಆರು. ಒಂದೊಂದು ಕಿಸೆ 9 ಇಂಚು ಅಗಲ, ಎತ್ತರ ಬರೀ 5 ಇಂಚು, ಯಾಕೆಂದರೆ ಪುಸ್ತಕದ ಮುಖ ಹೊರಗೆ ಕಾಣಬೇಕು. ಜಮಖಾನಕ್ಕೆ ಸಾದಾ ಸೂಜಿ ಆಗೋದಿಲ್ಲ, 18ನೇ ನಂಬರಿನದು ಹಾಕಿದರೂ ಎರಡು ಮುರಿದವು. ಈ ಸಲ ಎಲ್ಲ ಕಡೆ ಎರಡೆರಡು ಹೊಲಿಗೆ. ಕೆಳಗಿನ ಸಾಲು ನೆಲದಿಂದ ಒಂದೂವರೆ ಅಡಿ ಮೇಲಿರುವ ಹಾಗೆ ಗೋಡೆಗೆ ತೂಗುಹಾಕಿದೆವು. ಒಂದನೇ ಕ್ಲಾಸಿನ ಕೈಗೂ ಸಿಗಬೇಕು.

ಮಾರನೇ ದಿನ ಸಂಜೆ ನನ್ನ ಮಿಷನ್ ಮುಂದಿನಿಂದಲೇ ನೋಡಿದೆ. ಮೊದಲು ಬಂದ ಪುಟ್ಟ ಹುಡುಗಿ ಜಮಖಾನದ ಮುಂದೆ ನಿಂತಳು. ಒಂದು ಪುಸ್ತಕ ತೆಗೆದಳು, ವಾಪಸ್ ಇಟ್ಟಳು. ಇನ್ನೊಂದು ತೆಗೆದಳು, ಅದನ್ನೂ ಇಟ್ಟಳು. ಹೀಗೆ ಐದು ಪುಸ್ತಕ. ಯಾರನ್ನೂ ಏನೂ ಕೇಳಲಿಲ್ಲ. ಆರನೆಯದನ್ನು ಹಿಡಿದು ಅಲ್ಲೇ ನೆಲದ ಮೇಲೆ ಕೂತಳು. ನನಗೆ ಗಂಟಲು ಕಟ್ಟಿತು.

ತಿಂಗಳ ಕೊನೆಗೆ ಮಿಸ್ ಎಣಿಸಿದರು. ಎರಡು ಪುಸ್ತಕ ಕಮ್ಮಿ. ಒಂದು ಯಾರದೋ ಶಾಲೆ ಬ್ಯಾಗಿನಲ್ಲಿ ಸಿಕ್ಕಿತು. ಇನ್ನೊಂದು ಸಿಗಲಿಲ್ಲ, ಅದರ ದುಡ್ಡನ್ನು ನಾವಿಬ್ಬರೂ ಹಂಚಿಕೊಂಡೆವು. ಜಮಖಾನ ಗೋಡೆಯಲ್ಲೇ ಉಳಿಯಿತು. ಬೀರುವಿನ ಬೀಗವೂ ಈಗ ಹಗಲೆಲ್ಲ ತೆರೆದೇ ಇರುತ್ತೆ.

ಹೋದ ವಾರ ಆ ಅಜ್ಜಿ ಸಂತೆಯಿಂದ ಬರುತ್ತಾ ಲೈಬ್ರರಿ ಬಾಗಿಲಲ್ಲಿ ನಿಂತರು. ಚೀಲದಲ್ಲಿ ಅವರೆಕಾಯಿ. ಬೀರುವಿನ ಮೇಲಿಂದ ಕೆಳಗಿನ ತನಕ ಕಣ್ಣಾಡಿಸಿದರು. "ನಮ್ ಭಾರತ ಎಲ್ಲೈತೆ?"

ಮಿಸ್ ರಿಜಿಸ್ಟರ್ ತೆಗೆದರು. ಹತ್ತು ದಿನದ ಹಿಂದೆ ಕೆಳಗಿನ ಬೀದಿಯ ರಿಟೈರ್ಡ್ ಪೋಸ್ಟ್‌ಮ್ಯಾನ್ ಒಬ್ಬರು ಒಯ್ದಿದ್ದರು. ದಿನಾ ಸಂಜೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ರಾಗವಾಗಿ ಓದುತ್ತಾರಂತೆ.

ಅಜ್ಜಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಎಷ್ಟ್ ಗಂಟೆಗೆ ಓದ್ತಾರಂತೆ?" ಅಂತ ಕೇಳಿದರು.