ಸೀಸದ ಕುಲುಮೆಯ ಮೂತಿ ಕಟ್ಟಿಕೊಂಡ ಮಳೆಗಾಲ

ಹಾಸನದ ಒಂದು ಸಣ್ಣ ಎರಕದ ಕಾರ್ಯಾಗಾರದಲ್ಲಿ ನಾನು ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ಎರಕ ಹೊಯ್ಯುತ್ತೇನೆ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿಯುವವರೇ ನಮ್ಮ ಗಿರಾಕಿಗಳು. ನಮ್ಮ ವಿದ್ಯುತ್ ಕುಲುಮೆ ತಳದಿಂದ ಸುರಿಯುವ ಬಗೆಯದು. ಪಾತ್ರೆಯ ತಳದಲ್ಲಿ ಒಂದು ಮೂತಿ, ಆ ಮೂತಿಯ ಬಾಯಿಯ ಮೇಲೆ ಕೂರುವ ಒಂದು ಉಕ್ಕಿನ ಸರಳು ಇರುತ್ತವೆ. ಹಿಡಿಕೆಯನ್ನು ಎತ್ತಿದರೆ ಸರಳು ಮೇಲೇರಿ, ಕರಗಿದ ಸೀಸ ನೇರವಾಗಿ ಅಚ್ಚಿಗೆ ಇಳಿಯುತ್ತದೆ.

ಒಂದು ಜುಲೈ ತಿಂಗಳಲ್ಲಿ ಪೆನ್ಸಿಲಿನಷ್ಟು ದಪ್ಪವಾಗಿ ಬೀಳುತ್ತಿದ್ದ ಧಾರೆ ನೂಲಿನಂತಾಗಿ, ಕೊನೆಗೆ ನಿಂತೇ ಹೋಯಿತು. ಕೆಳಗಿನಿಂದ ಬಾಗಿಸಿದ ತಂತಿಯನ್ನು ತೂರಿಸಿದಾಗ ಬೂದು ಬಣ್ಣದ ಪುಡಿಯೊಂದಿಗೆ ಸೀಸ ಚಿಮ್ಮಿತು, ಆದರೆ ಹತ್ತು ನಿಮಿಷದೊಳಗೆ ಮತ್ತೆ ಕಟ್ಟಿಕೊಂಡಿತು. ಮಳೆಗಾಲದ ಚಳಿಗಾಳಿಗೆ ಮೂತಿಯೊಳಗಿನ ಸೀಸ ಹೆಪ್ಪುಗಟ್ಟುತ್ತಿದೆ ಎಂದು ಭಾವಿಸಿ ಎರಡು ದಿನ ಮೂತಿಗೆ ಗ್ಯಾಸ್ ಟಾರ್ಚ್ ಹಿಡಿದೆವು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪಾತ್ರೆಯೊಳಗೆ 380 ಡಿಗ್ರಿ ಇದ್ದು, ಮೂತಿಯೂ ಚೆನ್ನಾಗಿ ಕಾದ ಮೇಲೂ ಧಾರೆ ಬರಲಿಲ್ಲವಾದ್ದರಿಂದ ಚಳಿ ಕಾರಣವಲ್ಲ ಎಂಬುದು ಖಚಿತವಾಯಿತು.

ಮುಂದಿನ ಅನುಮಾನ ಸತುವಿನದು. ನಾವು ಕರಗಿಸುವ ಗುಜರಿ ಸೀಸದಲ್ಲಿ ವಾಹನಗಳ ಚಕ್ರಕ್ಕೆ ಹಾಕುವ ಬ್ಯಾಲೆನ್ಸಿಂಗ್ ತುಂಡುಗಳೂ ಬರುತ್ತವೆ, ಅವುಗಳಲ್ಲಿ ಸತುವಿನವೂ ಇರುತ್ತವೆ; ಅವು ಸೇರಿದರೆ ಕರಗಿದ ಲೋಹದ ಮೇಲ್ಮೈ ಗಂಜಿಯಂತೆ ತರಿತರಿಯಾಗುತ್ತದೆ. ಸಂಶಯದ ತುಂಡಿನ ಮೇಲೆ ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ಸತುವು ನೊರೆಗುಟ್ಟುತ್ತದೆ, ಸೀಸ ಸುಮ್ಮನಿರುತ್ತದೆ. ನಮ್ಮ ತುಂಡುಗಳು ನೊರೆಗುಟ್ಟಲಿಲ್ಲ, ಮೇಲ್ಮೈಯೂ ನುಣುಪಾಗಿಯೇ ಇತ್ತು.

ಕೊನೆಗೆ ಸೀಸವನ್ನೆಲ್ಲ ಸೌಟಿನಿಂದ ತೋಡಿ ತೆಗೆದು, ಪಾತ್ರೆಯನ್ನು ಪೂರ್ತಿ ಆರಿಸಿ, ಟಾರ್ಚ್ ಲೈಟ್ ಹಾಕಿ ನೋಡಿದೆ. ಮೂತಿಯ ಸುತ್ತ ಬೆರಳಗಲದ ಕಂದು ಹೆಕ್ಕಳಿಕೆ ಬಳೆಯಂತೆ ಕಚ್ಚಿಕೊಂಡಿತ್ತು. ಅದರಲ್ಲಿ ಗುಜರಿ ಸೀಸದೊಂದಿಗೆ ಬಂದ ಮರಳು, ಪಾತ್ರೆಯ ತುಕ್ಕು, ಸೀಸದ ಕಿಟ್ಟ ಎಲ್ಲವೂ ಬೆರೆತಿದ್ದವು. ಈ ಯಾವುದೂ ಸೀಸಕ್ಕಿಂತ ಭಾರವಲ್ಲ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ಮರಳಿನದು ಸುಮಾರು 2.65. ಹಾಗಾದರೆ ಕಸ ತಳಕ್ಕೆ ಹೋದದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಆ ರಾತ್ರಿಯೆಲ್ಲ ಕಾಡಿತು. ಉತ್ತರ ನಮ್ಮ ಅಭ್ಯಾಸದಲ್ಲೇ ಇತ್ತು. ದಿನದ ಕೊನೆಗೆ ಪಾತ್ರೆ ಬರಿದಾಗುವವರೆಗೂ ಗುಂಡು ಹೊಯ್ಯುತ್ತಿದ್ದುದರಿಂದ ಮೇಲೆ ತೇಲುತ್ತಿದ್ದ ಕೆನೆಯಂಥ ಕಿಟ್ಟ ಸೀಸದೊಂದಿಗೇ ಇಳಿದು ತಳಕ್ಕೆ ಅಂಟಿಕೊಳ್ಳುತ್ತಿತ್ತು, ಮರುದಿನ ಅದರ ಮೇಲೆಯೇ ನಾವು ಹೊಸ ಸೀಸ ತುಂಬುತ್ತಿದ್ದೆವು.

ಆ ಹೆಕ್ಕಳಿಕೆಯನ್ನು ಒಣದಾಗಿ ಕೆರೆಯಬಾರದು, ಏಕೆಂದರೆ ಸೀಸದ ಧೂಳು ಉಸಿರಿನಲ್ಲೂ ಅನ್ನದ ಕೈಯಲ್ಲೂ ಒಳಗೆ ಹೋಗುತ್ತದೆ. ರೆಸ್ಪಿರೇಟರ್ ಧರಿಸಿ, ತಣ್ಣಗಾದ ಪಾತ್ರೆಗೆ ಒದ್ದೆ ಬಟ್ಟೆ ಹಿಡಿದು ಕೆರೆದು ತೆಗೆದೆ. ಸರಳಿನ ತುದಿಯನ್ನೂ ಉಜ್ಜಿ ಮೂತಿಗೆ ಸರಿಯಾಗಿ ಕೂರುವಂತೆ ಮಾಡಿದೆ. ಬಳಿಕ ಒಂದು ತೊಟ್ಟು ತೇವವೂ ಉಳಿಯದಂತೆ ಪಾತ್ರೆಯನ್ನು ಬರಿದಾಗಿಯೇ ಕಾಯಿಸಿದೆ. ಕರಗಿದ ಸೀಸದಡಿ ಸಿಕ್ಕ ನೀರು ಒಮ್ಮೆಲೇ ಉಗಿಯಾಗಿ ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಸೀಸವನ್ನು ಮುಖಕ್ಕೇ ಎರಚುತ್ತದೆ. ನಮ್ಮ ಕಡೆಯ ಮಳೆಯಲ್ಲಿ ಗೋಡೆಯೂ ಬೆವರುವುದರಿಂದ ಸೀಸದ ಗಟ್ಟಿಗಳನ್ನು ಕುಲುಮೆಯ ಅಂಚಿನ ಮೇಲೆ ಬಿಸಿ ಮಾಡದೆ ಒಳಗೆ ಹಾಕಲು ನಾನು ಯಾರಿಗೂ ಬಿಡುವುದಿಲ್ಲ.

ಈಗ ಗುಜರಿ ಸೀಸವನ್ನು ಬಯಲಿನಲ್ಲಿಟ್ಟ ಬೇರೆ ಪಾತ್ರೆಯಲ್ಲಿ ಕರಗಿಸುತ್ತೇವೆ. ಒಂದು ಹಿಡಿ ಒಣ ಮರದ ಹೊಟ್ಟು ಹಾಕಿ, ಅದು ಕರಕಾಗುವವರೆಗೂ ತಳ ಮತ್ತು ಗೋಡೆಗಳನ್ನು ಸವರುತ್ತ ಕಲಕಿದರೆ ಕಿಟ್ಟದಲ್ಲಿದ್ದ ಲೋಹದ ಒಂದು ಪಾಲು ಮರಳಿ ಸೀಸವಾಗುತ್ತದೆ, ಕಸ ಮೇಲೆ ಬರುತ್ತದೆ. ಅದನ್ನು ಸೋಸಿ ಗಟ್ಟಿ ಹೊಯ್ದ ಮೇಲೆಯೇ ಆ ಸೀಸಕ್ಕೆ ಕುಲುಮೆಯಲ್ಲಿ ಪ್ರವೇಶ. ಬ್ಯಾಟರಿಯ ತಗಡುಗಳನ್ನು ನಾವು ಮುಟ್ಟುವುದೇ ಇಲ್ಲ. ಕುಲುಮೆಯಲ್ಲಿ ಸೀಸ ಮೂರನೇ ಒಂದು ಭಾಗಕ್ಕೆ ಇಳಿದ ಕೂಡಲೇ ಹೊಯ್ಯುವುದನ್ನು ನಿಲ್ಲಿಸಿ ತುಂಬುತ್ತೇವೆ, ಸಂಜೆಯೂ ಅಷ್ಟನ್ನು ಒಳಗೇ ಆರಲು ಬಿಡುತ್ತೇವೆ.